ಕ್ರಯವೋ ಚಂದಾವೋ?

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯ ಮೇಲೆ ಕನ್ನಡ ಪಂಡಿತರನ್ನು ನಿಲ್ಲಿಸಿದರೆ ಹರಿಹರ ರಾಘವಾಂಕರ ಮಾತೋ ವಚನಕಾರರ ಮಾತೋ ಕೇಳಿಬರಬೇಕೆಂಬುದು ರೂಢಿ. ಈ ಸಲ ಆ ರೂಢಿಯನ್ನು ಮುರಿದವರು ನಾವಲ್ಲ, ನಮ್ಮ ಕಾರ್ಯಕಾರಿ ಸಮಿತಿಯವರು. ಸಂಘದ ಹಿಂಬದಿಯ ಕೋಣೆಯಲ್ಲಿ ಬರುವ ವರ್ಷದಿಂದ ಎರಡು ಗಣಕಯಂತ್ರಗಳನ್ನಿರಿಸಿ ಸ್ಮರಣ ಸಂಚಿಕೆಯ ಅಕ್ಷರಜೋಡಣೆಯನ್ನು ನಾವೇ ಮಾಡಿಕೊಳ್ಳಬೇಕು, ಸುತ್ತಲಿನ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಅಲ್ಲಿಯೇ ಸಿದ್ಧಪಡಿಸಿಕೊಡಬೇಕು, ಸಂಜೆಯ ಹೊತ್ತು ಮಕ್ಕಳಿಗೆ ತಂತ್ರಾಂಶ ಬರೆಯುವ ವಿದ್ಯೆಯ ಮೊದಲ ಪಾಠವನ್ನಾದರೂ ಹೇಳಿಸಬೇಕು ಎಂಬ ಠರಾವು ಆಗಿದೆ. ಯಂತ್ರಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ, ದಾನಿಗಳು ಒಪ್ಪಿದ್ದಾರೆ. ತಕರಾರು ಹುಟ್ಟಿದ್ದು ಯಂತ್ರದೊಳಗಿರಬೇಕಾದ ತಂತ್ರಾಂಶದ ಬಗ್ಗೆ. ಅದನ್ನು ಒಂದೇ ಸಲಕ್ಕೆ ಹಣ ಕೊಟ್ಟು ಕೊಂಡುಬಿಡಬೇಕೋ, ವರ್ಷವರ್ಷವೂ ಚಂದಾ ಕಟ್ಟುತ್ತ ಹೋಗಬೇಕೋ? ವ್ಯಾಪಾರ ಬಲ್ಲ ಹಿರಿಯರು ಚಂದಾದ ಕಡೆಗೂ, ಒಕ್ಕಲುತನದ ಮನೆಯವರು ಕ್ರಯದ ಕಡೆಗೂ ಮಾತಾಡಿದರು. ಸಭೆ ಎರಡು ಸಲ ಸೇರಿ ಎರಡು ಸಲವೂ ಚಹ ಕುಡಿದು ಎದ್ದಿತು. ಕಡೆಗೆ ಇದರ ಮೇಲೆ ಒಂದು ಭಾಷಣವಾಗಲಿ ಎಂದು ನಮ್ಮನ್ನು ಹಿಡಿದರು.

ವ್ಯಾಕರಣ ಬಲ್ಲವರು ಗಣಕವನ್ನು ಬಲ್ಲರೆ ಎಂದು ಯಾರಾದರೂ ಕೇಳಿಯಾರು. ಅನೇಕ ವರ್ಷಗಳಿಂದ ಈ ಸಂಚಿಕೆಯ ಕರಡನ್ನು ತಿದ್ದುತ್ತ ಬಂದವರು ನಾವು. ಒತ್ತಕ್ಷರ ಕಳಚಿಬಿದ್ದದ್ದು, ಅರ್ಕಾವೊತ್ತು ತಪ್ಪಿದ ಸ್ಥಳದಲ್ಲಿ ಕುಳಿತದ್ದು, 'ಸ್ವಾತಂತ್ರ್ಯ' ಎಂಬ ಶಬ್ದ ಸಾಲಿನ ಕೊನೆಯಲ್ಲಿ ಎರಡು ತುಂಡಾದದ್ದು, ಇವೆಲ್ಲವನ್ನೂ ಕೆಂಪು ಶಾಯಿಯಿಂದ ಗುರುತಿಸಿದವರಿಗೆ ತಂತ್ರಾಂಶದ ಸ್ವಭಾವ ಸ್ವಲ್ಪಮಟ್ಟಿಗೆ ತಿಳಿಯದೆ ಇರುವುದಿಲ್ಲ. ಅಷ್ಟು ಅಧಿಕಾರದಿಂದ ಮಾತಾಡುತ್ತೇವೆ.

ಮೊದಲು ಶಬ್ದದ ವಿಚಾರ, ಅದು ನಮ್ಮ ವೃತ್ತಿಯ ಚಟ. 'ಚಂದಾ' ಎಂಬುದು ಪಾರಸಿಯಿಂದ ಬಂದ ಮಾತು. 'ಚಂದ್' ಎಂದರೆ ಕೆಲವು, ಒಂದಿಷ್ಟು. ನಾಲ್ಕು ಜನ ಒಂದಿಷ್ಟು ಒಂದಿಷ್ಟು ಕೂಡಿಹಾಕುವುದು ಚಂದಾ. ಪತ್ರಿಕೆಗಳ ಮೂಲಕ ಈ ಮಾತು ನಮ್ಮ ಮನೆಮನೆಗೂ ಬಂದಿತು. ಹುಬ್ಬಳ್ಳಿಯಲ್ಲಿ ೧೯೫೬ರಲ್ಲಿ 'ಕಸ್ತೂರಿ' ಆರಂಭವಾದಾಗಿನಿಂದ ಅದಕ್ಕೆ ಚಂದಾ ಕಟ್ಟಿ ತರಿಸಿಕೊಂಡ ಮನೆಗಳು ನಮ್ಮ ಸೀಮೆಯಲ್ಲಿಯೂ ಉಂಟು. ಮಳೆ ಕೈಕೊಟ್ಟ ವರ್ಷ ಚಂದಾ ನಿಂತಿತೆನ್ನಿ. ಆಗ ಏನಾಗುತ್ತಿತ್ತು? ಮುಂದಿನ ತಿಂಗಳ ಸಂಚಿಕೆ ಬರುತ್ತಿರಲಿಲ್ಲ, ಅಷ್ಟೆ. ಹಿಂದಿನ ಸಂಚಿಕೆಗಳು ದಾರ ಹಾಕಿ ಹೊಲಿದ ಹಾಗೆಯೇ ಮಾಡದಲ್ಲಿ ಕುಳಿತಿರುತ್ತಿದ್ದುವು. ಸಂಪಾದಕರು ಹುಬ್ಬಳ್ಳಿಯಿಂದ ಆಳು ಕಳಿಸಿ ಅವುಗಳನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ.

ಇಂದು ತಂತ್ರಾಂಶಕ್ಕೆ ಹೇಳುತ್ತಿರುವ ಚಂದಾ ಇದಲ್ಲ. ಅವಧಿ ಮುಗಿದ ದಿನ ಮುಂದಿನ ಆವೃತ್ತಿ ಬರುವುದು ನಿಲ್ಲುವುದಷ್ಟೇ ಅಲ್ಲ, ನಿನ್ನೆಯವರೆಗೆ ಕೈಯಲ್ಲಿದ್ದ ಸಾಧನವೂ ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ, 'ಬಾಡಿಗೆ'. ಸಂಸ್ಕೃತದ 'ಭಾಟಕ'ದ ತದ್ಭವ ಅದು. ಬಾಡಿಗೆಯಲ್ಲಿ ಅವಮಾನವೇನೂ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಬಾಡಿಗೆ ಮನೆಯಲ್ಲಿಯೇ ಇದ್ದು ಮಕ್ಕಳನ್ನು ಓದಿಸಿದವರು. ಆದರೆ ಬಾಡಿಗೆಗೆ ಚಂದಾ ಎಂದು ಹೆಸರಿಟ್ಟಾಗ ಕೇಳುವವರ ಮನಸ್ಸಿನಲ್ಲಿ ಮಾಡದ ಮೇಲಿನ 'ಕಸ್ತೂರಿ' ಮೂಡುತ್ತದೆ. ಸಮಿತಿಯ ಸಭೆಯಲ್ಲಿ ಅರ್ಧ ಗೊಂದಲ ಹುಟ್ಟಿದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಹಾಗೆಂದು ಕ್ರಯವೆಂಬುದೂ ನಾವು ತಿಳಿದಂತೆ ಸಂಪೂರ್ಣ ಕ್ರಯವಲ್ಲ. ಹೊಲ ಕೊಂಡರೆ ಸಾತಬಾರಾ ಉತಾರಿಯ ಮೇಲೆ ನಮ್ಮ ಹೆಸರು ಏರುತ್ತದೆ. ತಂತ್ರಾಂಶ ಕೊಂಡರೆ ಏರುವುದಿಲ್ಲ. ಅಲ್ಲಿ ಸಿಕ್ಕುವುದು ಇನ್ನೊಬ್ಬರ ಹೊಲದ ಬದುವಿನ ಮೇಲೆ ಹಾದುಹೋಗುವ ಪರವಾನಿಗೆ ಮಾತ್ರ, ಆದರೆ ಕಾಯಮ್ಮಿನ ಪರವಾನಿಗೆ. ಈ ಪರವಾನಿಗೆಯ ಕಾಗದವನ್ನು ಬಹಳ ಜಟಿಲವಾಗಿ ಬರೆಯುವುದೇ ಎಲ್ಲ ಕಡೆಗೂ ರೂಢಿಯಾದಾಗ, ಅಮೆರಿಕದ ಬೋರ್ಲಂಡ್ ಎಂಬ ಸಂಸ್ಥೆ ತನ್ನ ಗಿರಾಕಿಗಳಿಗೆ ಸರಳವಾಗಿ ಒಂದು ಮಾತು ಹೇಳಿತು: ಈ ತಂತ್ರಾಂಶವನ್ನು ಪುಸ್ತಕದಂತೆ ಭಾವಿಸಿರಿ. ಪುಸ್ತಕವನ್ನು ಯಾರೂ ಓದಬಹುದು, ಎಲ್ಲಿಗೂ ಒಯ್ಯಬಹುದು, ಆದರೆ ಒಂದೇ ಪ್ರತಿಯನ್ನು ಇಬ್ಬರು ಒಂದೇ ಕಾಲಕ್ಕೆ ಎರಡು ಸ್ಥಳಗಳಲ್ಲಿ ಓದಲಾಗದು. ಇದನ್ನೂ ಹಾಗೆಯೇ ಬಳಸಿರಿ. ಪುಸ್ತಕದೊಡನೆ ಬಾಳುವ ನಮ್ಮಂಥವರಿಗೆ ಇದಕ್ಕಿಂತ ಒಪ್ಪುವ ಕರಾರು ಇನ್ನೊಂದಿಲ್ಲ. ಆ ಸಂಸ್ಥೆಯ ಟರ್ಬೋ ಪಾಸ್ಕಲ್ ಎಂಬ ಸಾಧನ ೧೯೮೩ರಲ್ಲಿ ಸುಮಾರು ೫೦ ಡಾಲರಿಗೆ ಮಾರಾಟಕ್ಕೆ ಬಂದಿತು. ಅದರ ಸೋದರನಾದ ಟರ್ಬೋ ಸಿ ಪ್ಲಸ್ ಪ್ಲಸ್ಸಿನ ನೀಲಿ ಪರದೆಯನ್ನು ನಮ್ಮ ದೇಶದ ಕಾಲೇಜುಗಳಲ್ಲಿ ಕಲಿತು ಬಂದ ಯುವಕರೆಲ್ಲ ಬಲ್ಲರು. ಬೋರ್ಲಂಡ್ ಸಂಸ್ಥೆ ೨೦೦೯ರಲ್ಲಿ ಇನ್ನೊಂದು ಸಂಸ್ಥೆಯ ಪಾಲಾಯಿತು. ಮಾರಿದವರು ಹೋದರೂ ಮಾರಿದ ವಸ್ತು ಪ್ರಯೋಗಶಾಲೆಗಳಲ್ಲಿ ವರ್ಷಗಟ್ಟಲೆ ಓಡುತ್ತಲೇ ಇದ್ದಿತು.

ಇನ್ನು ನಮ್ಮ ಸಂಚಿಕೆಗೆ ಹತ್ತಿರದ ಮುದ್ರಣದ ಮಾತು. ಸೀಸದ ಮೊಳೆಗಳ ಕಾಲದಲ್ಲಿ ಮುದ್ರಣಾಲಯದವರು ಅಕ್ಷರವನ್ನು ತೂಕದಿಂದ ಕೊಳ್ಳುತ್ತಿದ್ದರು. ಕೊಂಡ ಮೇಲೆ ಅದು ಅವರದೇ. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಿಸಬಹುದಾಗಿತ್ತು. ಗಣಕದ ಕಾಲ ಬಂದಾಗ ಮೊಳೆಯ ಪೆಟ್ಟಿಗೆಯ ಜಾಗದಲ್ಲಿ ಪೇಜ್‌ಮೇಕರ್ ಬಂದು ಕುಳಿತಿತು. ಆಲ್ಡಸ್ ಸಂಸ್ಥೆ ೧೯೮೫ರಲ್ಲಿ ಹೊರತಂದ ಈ ತಂತ್ರಾಂಶ ೧೯೯೪ರಲ್ಲಿ ಅಡೋಬಿಯ ಕೈಸೇರಿತು. ೨೦೦೧ರಲ್ಲಿ ಬಂದ ೭.೦ ಅದರ ಕಡೆಯ ಆವೃತ್ತಿ. ಅದಾದ ಮೇಲೆ ಹೊಸದು ಬರಲಿಲ್ಲ. ಆದರೂ ಭಾರತೀಯ ಭಾಷೆಗಳ ಸಣ್ಣ ಮುದ್ರಣಾಲಯಗಳು ಅದನ್ನು ಬಿಡಲಿಲ್ಲ. ಅದರೊಳಗೆ ಕನ್ನಡ ಕೂರಿಸಲು ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿಯಂಥ ತಂತ್ರಾಂಶ ಬೇಕು, ಆ ತಂತ್ರಾಂಶಕ್ಕೆ ಗಣಕದ ಬೆನ್ನಿಗೆ ಚುಚ್ಚುವ ಬೆರಳುದ್ದದ ಲಾಕು ಬೇಕು. ಹಣ ಪೂರ್ತಿ ಕೊಟ್ಟು ಕೊಂಡದ್ದಾದರೂ ಲಾಕು ಕಳೆದರೆ ಅಕ್ಷರ ಮೂಡುವುದಿಲ್ಲ. ಕ್ರಯದ ಪಕ್ಷ ಹಿಡಿದ ನಮ್ಮ ಒಕ್ಕಲಿಗ ಬಂಧುಗಳು ಇದನ್ನು ನೆನಪಿನಲ್ಲಿಡಬೇಕು. ಕೀಲಿಕೈಯಂತೂ ಆಗಲೂ ಮಾರಿದವರ ಸೊಂಟದಲ್ಲಿಯೇ ಇದ್ದಿತು.

೨೦೧೩ರ ಮೇ ತಿಂಗಳಲ್ಲಿ ಅಡೋಬಿ ಸಂಸ್ಥೆ ಒಂದು ದೊಡ್ಡ ಬದಲಾವಣೆಯನ್ನು ಸಾರಿತು. ಹಿಂದಿನ ವರ್ಷ ಹೊರಟ ಸಿ.ಎಸ್. ೬ ಎಂಬುದೇ ಕ್ರಯಕ್ಕೆ ಸಿಗುವ ಕೊನೆಯ ಕಟ್ಟು, ಮುಂದಿನದೆಲ್ಲ ಚಂದಾದಿಂದಲೇ. ಪೇಜ್‌ಮೇಕರಿನ ಉತ್ತರಾಧಿಕಾರಿಯಾದ ಇನ್‌ಡಿಸೈನನ್ನು ಅದುವರೆಗೆ ಅಮೆರಿಕದಲ್ಲಿ ೬೯೯ ಡಾಲರಿಗೆ ಒಮ್ಮೆಗೇ ಕೊಳ್ಳಬಹುದಾಗಿತ್ತು. ಚಂದಾದಲ್ಲಿ ಅದೊಂದಕ್ಕೇ ಆಗ ತಿಂಗಳಿಗೆ ಸುಮಾರು ೨೦ ಡಾಲರು ಇದ್ದಿತು. ಏಳನೆಯ ಇಯತ್ತೆಯ ಹುಡುಗನೂ ಭಾಗಿಸಿ ಹೇಳಬಲ್ಲನು: ೩೫ ತಿಂಗಳಲ್ಲಿ ಕ್ರಯ ತೀರುತ್ತದೆ, ಮೂವತ್ತಾರನೆಯ ತಿಂಗಳಿನಿಂದ ಕಟ್ಟುವುದೆಲ್ಲ ಹೆಚ್ಚಿನದು. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿಯನ್ನು ಕೊಳ್ಳಲೇಬೇಕಾದ ಮುಂಬಯಿಯ ಜಾಹೀರಾತು ಕಚೇರಿಗೆ ಈ ಲೆಕ್ಕ ಹಾನಿಯದಲ್ಲ. ವರ್ಷಕ್ಕೆ ಒಂದು ಸಂಚಿಕೆ ತೆಗೆಯುವ ನಮ್ಮಂಥ ಸಂಘಕ್ಕೆ, ಒಂದೇ ಪೇಜ್‌ಮೇಕರಿನಿಂದ ಇಪ್ಪತ್ತು ವರ್ಷ ದುಡಿಸಿಕೊಂಡ ಹಳ್ಳಿಯ ಅಚ್ಚುಕೂಟಕ್ಕೆ ಲೆಕ್ಕವೇ ಬೇರೆ.

ಬೆಲೆಗಿಂತ ಗಂಭೀರವಾದುದು ಇನ್ನೊಂದುಂಟು. ಪೇಜ್‌ಮೇಕರಿನಲ್ಲಿ ಕಟ್ಟಿದ ಹಳೆಯ ಪುಟಗಳನ್ನು ಇನ್‌ಡಿಸೈನ್ ಸಿ.ಎಸ್. ೬ ತೆರೆಯುತ್ತಿತ್ತು. ಚಂದಾದ ಇನ್‌ಡಿಸೈನ್ ಅವನ್ನು ತೆರೆಯುವುದಿಲ್ಲ. ತೆರೆಯಬಲ್ಲ ಸಿ.ಎಸ್. ೬ರ ಮಾರಾಟ ೨೦೧೭ರಲ್ಲಿ ನಿಂತಿತು. ಅಂದರೆ ನಿಷ್ಠೆಯಿಂದ ಚಂದಾ ಕಟ್ಟುತ್ತಿರುವ ಗಿರಾಕಿ ಕೂಡ ತನ್ನದೇ ಹಳೆಯ ಪುಟದ ಮುಂದೆ ಕೈಕಟ್ಟಿ ನಿಲ್ಲಬೇಕು.

ಇದನ್ನೆಲ್ಲ ಕೇಳಿ ಚಂದಾದ ಪಕ್ಷದವರು ಬೇಸರಪಡಬಾರದು. ಅವರ ಮಾತಿನಲ್ಲಿಯೂ ಹುರುಳಿದೆ. ಬಾವಿಯ ಮತ್ತು ಮ್ಹೈಸಾಳ ಯೋಜನೆಯ ನೀರನ್ನೇ ಹೋಲಿಸಿ ನೋಡಿರಿ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ವಿದ್ಯುತ್ತಿನಿಂದ ಎತ್ತಿ ಹಂತಹಂತವಾಗಿ ನಮ್ಮ ಬರದ ಸೀಮೆಯ ಕಡೆಗೆ ಸಾಗಿಸುವುದು ಆ ಯೋಜನೆ. ನೀರುಪಟ್ಟಿ ಕಟ್ಟುತ್ತಿರುವವರೆಗೆ ನೀರು. ವಿದ್ಯುತ್ ಬಾಕಿ ಬೆಳೆದು ಪಂಪುಗಳು ನಿಂತ ಸಂದರ್ಭಗಳನ್ನು ನಾವೆಲ್ಲ ಕಂಡವರೇ. ಬಾವಿಯಿದ್ದವರಿಗೆ ಆ ಭಯವಿಲ್ಲ. ಆದರೆ ಬಾವಿಯೂ ಬತ್ತುತ್ತದೆ! ಆಗ ತೋಡಿಸಿದ ಹಣವನ್ನು ನೆನೆಯುತ್ತ ಕಟ್ಟೆಯ ಮೇಲೆ ಕುಳಿತರೆ ದ್ರಾಕ್ಷಿಯ ಬಳ್ಳಿ ಉಳಿಯುವುದಿಲ್ಲ. ಕೊಂಡ ತಂತ್ರಾಂಶವೂ ಹೀಗೆ ಬತ್ತುವ ವಸ್ತು. ಯಂತ್ರ ಬದಲಾಗುತ್ತದೆ, ವಿಂಡೋಸ್ ಬದಲಾಗುತ್ತದೆ, ಕಳ್ಳರು ನುಗ್ಗುವ ಹೊಸ ಸಂದುಗಳು ತಿಳಿದುಬರುತ್ತವೆ. ಇವನ್ನು ಮುಚ್ಚುವವರು ಯಾರು? ತಂತ್ರಾಂಶ ಬರೆಯುವವರೂ ಸಂಸಾರಸ್ಥರು. ಒಮ್ಮೆ ಹಣ ಕೊಟ್ಟು ಹತ್ತು ವರ್ಷ ದುರಸ್ತಿ ಮಾಡಿಕೊಡಿರೆಂದರೆ ಅವರು ಹೇಗೆ ಬಾಳಬೇಕು? ಕ್ರಯದ ಪದ್ಧತಿಯಲ್ಲಿ ಅವರ ಹೊಟ್ಟೆ ತುಂಬಬೇಕಾದರೆ ಎರಡು ವರ್ಷಕ್ಕೊಮ್ಮೆ ಬೇಡದ ಅಲಂಕಾರಗಳನ್ನು ತುಂಬಿದ ಹೊಸ ಆವೃತ್ತಿಯನ್ನು ಮಾರಲೇಬೇಕಾಗುತ್ತಿತ್ತು. ಚಂದಾ ಬಂದ ಮೇಲೆ ದುರಸ್ತಿಯ ಕೆಲಸಕ್ಕೂ ಕೂಲಿ ಹುಟ್ಟಿತು ಎಂಬ ಅವರ ವಾದವನ್ನು ನಾವು ತಳ್ಳಿಹಾಕಲಾರೆವು.

ಹಾಗಾದರೆ ದಾರಿ ಯಾವುದು? ನಮ್ಮ ಹಿರಿಯರ ಒಕ್ಕಲುತನದಲ್ಲಿಯೇ ಇದಕ್ಕೊಂದು ಏರ್ಪಾಡು ಇದ್ದಿತು, ಅದೇ ಆಯ. ಮರಾಠಿಯಲ್ಲಿ ಇದನ್ನೇ ಬಲುತೆ ಎನ್ನುವರು. ಬಡಿಗೇರರು ರಂಟೆ, ಕುಂಟೆ, ಕೂರಿಗೆಗಳನ್ನು ಮಾಡಿಕೊಡುತ್ತಿದ್ದರು. ಕಂಬಾರರು ಕುಳವನ್ನು ಕಾಸಿ ತಟ್ಟಿ ಹರಿತ ಮಾಡಿಕೊಡುತ್ತಿದ್ದರು. ಪ್ರತಿ ಸಲವೂ ರೊಕ್ಕದ ಮಾತಿಲ್ಲ. ವರ್ಷವೆಲ್ಲ ದುರಸ್ತಿ ನಡೆಯುತ್ತಿತ್ತು. ಸುಗ್ಗಿಯಲ್ಲಿ ರಾಶಿಯಾದಾಗ ಕಣಕ್ಕೆ ಬಂದು ತಮ್ಮ ಪಾಲಿನ ಜೋಳವನ್ನು ಅಳೆಯಿಸಿಕೊಂಡು ಹೋಗುತ್ತಿದ್ದರು. ಇದು ವಾರ್ಷಿಕ ಚಂದಾ ಅಲ್ಲದೆ ಮತ್ತೇನು? ಆದರೆ ಒಂದು ಭೇದವನ್ನು ಗಮನಿಸಿರಿ. ಬರಗಾಲದಲ್ಲಿ ಆಯ ಸಲ್ಲದೆ ಹೋದರೆ ಬಡಿಗೇರರು ಮುನಿಸಿಕೊಂಡು ದುರಸ್ತಿಯನ್ನು ನಿಲ್ಲಿಸಿಯಾರು. ರಾತ್ರಿ ಬಂದು ಅಂಗಳದಲ್ಲಿದ್ದ ಕೂರಿಗೆಯನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಹಳೆಯ ಕೂರಿಗೆಯಿಂದಲೇ ಹೇಗೋ ಬಿತ್ತಿ, ಬೆಳೆ ಬಂದರೆ ಬಾಕಿಯ ಆಯವನ್ನೂ ಕೊಡುವ ಅವಕಾಶ ರೈತರಿಗೆ ಉಳಿದಿರುತ್ತಿತ್ತು. ಆ ಪದ್ಧತಿಯನ್ನು ನಾವು ಹೊಗಳಲು ನಿಂತಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಜಾತಿಯ ಕಟ್ಟು ಅದಕ್ಕಿತ್ತು. ಅಳತೆ ಕಡಿಮೆಯಾಯಿತೆಂದು ಎದುರು ನಿಂತು ಕೇಳುವ ಬಲ ಎಷ್ಟೋ ಆಯಗಾರರಿಗೆ ಇರಲಿಲ್ಲ. ಅದು ಹೋದದ್ದು ಒಳ್ಳೆಯದೇ. ನಮಗೆ ಬೇಕಾಗಿರುವುದು ಅದರೊಳಗಿನ ಒಂದು ನ್ಯಾಯ ಮಾತ್ರ: ದುರಸ್ತಿಗೆ ವರ್ಷದ ಪಾಲು, ಸಾಧನ ಬಳಸುವವರ ಅಂಗಳದಲ್ಲಿ.

ಇದು ಹಳೆಯ ಕಾಲದ ಕನಸಲ್ಲ, ತಂತ್ರಾಂಶದ ಜಗತ್ತಿನಲ್ಲಿ ನಡೆದ ಸಂಗತಿಯೇ ಇದಕ್ಕೆ ಸಾಕ್ಷಿ. ಪ್ರಾಗ್ ನಗರದಲ್ಲಿ ೨೦೦೦ದಲ್ಲಿ ಹುಟ್ಟಿದ ಜೆಟ್‌ಬ್ರೇನ್ಸ್ ಎಂಬ ಸಂಸ್ಥೆ ತಂತ್ರಾಂಶ ಬರೆಯುವವರಿಗೆ ಬೇಕಾದ ಸಾಧನಗಳನ್ನು ಮಾಡುತ್ತದೆ. ಬಡಿಗೇರರಿಗೆ ಬಾಚಿ ಉಳಿ ಮಾಡಿಕೊಡುವ ಕಂಬಾರರಿದ್ದಂತೆ. ಇಂದು ಮೊಬೈಲಿನ ಆಂಡ್ರಾಯ್ಡ್ ತಂತ್ರಾಂಶಗಳನ್ನು ಬರೆಯುವ ಸಾಧನವೂ ಇವರ ಇಂಟೆಲಿಜೆ ಐಡಿಯಾದ ತಳಹದಿಯ ಮೇಲೆಯೇ ನಿಂತಿದೆ. ೨೦೧೫ರ ಸೆಪ್ಟೆಂಬರಿನ ಆರಂಭದಲ್ಲಿ ಈ ಸಂಸ್ಥೆ ಇನ್ನು ಮುಂದೆ ಎಲ್ಲವೂ ಚಂದಾದಿಂದ ಎಂದು ಸಾರಿತು. ಹಣ ನಿಂತರೆ ಸಾಧನವೂ ನಿಲ್ಲುವುದು. ದೇಶದೇಶಗಳ ಗಿರಾಕಿಗಳು ಸಿಟ್ಟಾದರು. ಅವರು ಬಡವರಲ್ಲ, ಕೊಡಲಾರದವರೂ ಅಲ್ಲ. ನಮ್ಮ ಕೈಯ ಉಳಿಯನ್ನು ನೀವು ದೂರದಿಂದ ಮೊಂಡು ಮಾಡುವ ಅಧಿಕಾರ ನಿಮಗಿರಕೂಡದು ಎಂಬುದೇ ಅವರ ಆಕ್ಷೇಪದ ಸಾರ. ಅದೇ ತಿಂಗಳಲ್ಲಿ ಸಂಸ್ಥೆ ಕರಾರನ್ನು ತಿದ್ದಿತು. ಒಂದು ವರ್ಷದ ಚಂದಾವನ್ನು ಪೂರ್ತಿ ಕಟ್ಟಿದವರಿಗೆ ಆ ವರ್ಷದ ಆರಂಭದಲ್ಲಿದ್ದ ಆವೃತ್ತಿ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಕಟ್ಟದಿದ್ದರೆ ಹೊಸದು ಬಾರದು, ಹಳೆಯದು ಹೋಗದು. ನವೆಂಬರಿನಿಂದ ಈ ಏರ್ಪಾಡು ಜಾರಿಗೆ ಬಂದಿತು. ಜತ್ತದ ಆಯವನ್ನು ಪ್ರಾಗ್ ನಗರದವರು ಕೇಳಿರಲಾರರು, ಆದರೂ ನ್ಯಾಯ ಒಂದೇ ಆಯಿತು. ಕೇಳಿದರೆ ಕರಾರುಗಳು ಬದಲಾಗುತ್ತವೆ ಎಂಬುದೂ ಇದರಿಂದ ತಿಳಿಯುತ್ತದೆ.

ಇನ್ನು ನಮ್ಮ ಮನೆಯ ಸಂಗತಿಗೆ ಬರೋಣ. ಸಂಘದ ಕಪಾಟಿನಲ್ಲಿ ಮೊಳೆಯ ಕಾಲದ ಸಂಚಿಕೆಗಳು ಹಳದಿಯಾಗಿದ್ದರೂ ಓದಲು ಬರುತ್ತವೆ. ೨೦೦೩ರಿಂದ ೨೦೧೧ರವರೆಗಿನ ಒಂಬತ್ತು ಸಂಚಿಕೆಗಳ ಅಚ್ಚಾದ ಪ್ರತಿಗಳು ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಮುದ್ದೆಯಾದುವು. ಸಿ.ಡಿ.ಗಳಿವೆಯಲ್ಲ ಎಂದು ಎಲ್ಲರೂ ಸಮಾಧಾನಪಟ್ಟೆವು. ಆ ಸಂಚಿಕೆಗಳಲ್ಲೊಂದರಲ್ಲಿ ಉಮದಿಯ ಕಡೆಯ ಅಜ್ಜಿಯೊಬ್ಬರ ಬಾಯಿಂದ ಬರೆದುಕೊಂಡ ಬೀಸುವ ಪದಗಳು ಹತ್ತು ಪುಟ ಅಚ್ಚಾಗಿದ್ದುವು. ಬರೆದುಕೊಂಡ ಶಿಕ್ಷಕಿಯರ ವಹಿ ಉಳಿದಿಲ್ಲ, ಅಜ್ಜಿಯೂ ಈಗಿಲ್ಲ. ಸಿ.ಡಿ.ಯನ್ನು ಒಂದು ಮುದ್ರಣಾಲಯಕ್ಕೆ ಒಯ್ದರೆ ಅವರಲ್ಲಿದ್ದ ಹೊಸ ತಂತ್ರಾಂಶಕ್ಕೆ ಆ ಕಡತ ಪರಿಚಯವೇ ಇರಲಿಲ್ಲ. ಇನ್ನೊಂದು ಕಡೆ ಹಳೆಯ ಯಂತ್ರದಲ್ಲಿ ತೆರೆಯಿತು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಲಿಪಿಯ ಅರ್ಥವಿಲ್ಲದ ಸಾಲುಗಳು. ಅಜ್ಜಿಯ ಪದಗಳು ಅದರೊಳಗೇ ಇವೆ, ಓದುವಂತಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಮೊದಲಲ್ಲಿ ರೋಮನ್ ಅಕ್ಷರಗಳಿಗೆ ಅಂಕಿಗಳು ನಿಗದಿಯಾಗಿದ್ದುವು, ಕನ್ನಡಕ್ಕೆ ಇರಲಿಲ್ಲ. ಆದ್ದರಿಂದ ಕನ್ನಡ ತಂತ್ರಾಂಶ ಮಾಡಿದವರು ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದರು. ಬೇರೆ ಬೇರೆ ತಯಾರಕರು ಬೇರೆ ಬೇರೆ ಕ್ರಮದಲ್ಲಿ ಕೂರಿಸಿದರು. ಆ ಫಾಂಟು ಯಂತ್ರದಲ್ಲಿದ್ದರೆ ಕನ್ನಡ, ಇಲ್ಲವಾದರೆ ಮನೆಯ ಮೂಲ ಯಜಮಾನನಾದ ರೋಮನ್ ಅಕ್ಷರ ಹೊರಗೆ ಇಣಿಕುತ್ತದೆ. ೧೯೯೧ರಿಂದ ರೂಪುಗೊಂಡ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಅದರದೇ ಆದ ಅಂಕಿ ದೊರೆತಿದೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟು ಯಂತ್ರದೊಡನೆಯೇ ಬಂದಿತು. ಯುನಿಕೋಡಿನಲ್ಲಿ ಬರೆದ ಸಾಲು ಯುನಿಕೋಡನ್ನು ಬಲ್ಲ ಯಾರ ತಂತ್ರಾಂಶದಲ್ಲಿಯೂ, ಕನ್ನಡವಿರುವ ಯಾವ ಯುನಿಕೋಡ್ ಫಾಂಟಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ನಮ್ಮ ಒಂಬತ್ತು ಸಂಚಿಕೆಗಳು ಕ್ರಯದ ತಂತ್ರಾಂಶದಲ್ಲಿ ಕಟ್ಟಿದವು ಎಂಬುದನ್ನು ಮತ್ತೆ ನೆನಪಿಸುತ್ತೇವೆ. ಚಂದಾ ಬಾಕಿಯಿಂದ ಅವು ಮುಚ್ಚಿಕೊಳ್ಳಲಿಲ್ಲ. ಬರಹವನ್ನೇ ಪರರ ಮನೆಯಲ್ಲಿ ಇರಿಸಿದ್ದರಿಂದ ಮುಚ್ಚಿಕೊಂಡುವು. ಆದಕಾರಣ ಸಮಿತಿಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾವು ಅದರ ಹಿಂದೆ ಇನ್ನೊಂದು ಪ್ರಶ್ನೆಯನ್ನು ಇಡುತ್ತೇವೆ: ನಾಳೆ ಹಣ ನಿಂತರೆ, ಮಾರಿದವರು ಅಂಗಡಿ ಮುಚ್ಚಿದರೆ, ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಇದಕ್ಕೆ ತೃಪ್ತಿಕರವಾದ ಉತ್ತರ ಕೊಡುವ ಚಂದಾ, ಕೊಡದ ಕ್ರಯಕ್ಕಿಂತ ಮೇಲು.

ಕನ್ನಡದ ಅದೃಷ್ಟ, ಬರೆಯುವ ಸಾಧನಕ್ಕಂತೂ ನಾವು ಯಾರಿಗೂ ಬಾಡಿಗೆ ಕಟ್ಟಬೇಕಾಗಿಲ್ಲ. ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ಕೀಲಿಮಣೆಯನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾಯರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂಬ ತಂತ್ರಾಂಶವನ್ನು ಮಾಡಿ ಉಚಿತವಾಗಿ ಕೊಟ್ಟರು. ಛಂದಸ್ಸಿನ ಪಂಡಿತರೊಬ್ಬರ ಹೆಸರು ಗಣಕದ ಪರದೆಯ ಮೇಲೆ ಮೂಡಿದ್ದು ನಮ್ಮಂಥವರಿಗೆ ಎಂಥ ಹರ್ಷವೆಂಬುದನ್ನು ಬೇರೆ ಹೇಳಬೇಕೆ! ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಬರಹದ ನಂತರದ ಆವೃತ್ತಿಗಳಿಗೆ ಬೆಲೆ ಬಂದಿತೆಂದು ಗೊಣಗಿದವರನ್ನು ಬಲ್ಲೆವು. ವರ್ಷಗಟ್ಟಲೆ ಉಚಿತವಾಗಿ ಉಂಡವರು ಅಡಿಗೆಯವರಿಗೆ ಕೂಲಿ ಕೊಡಲು ಮುಖ ಗಂಟಿಕ್ಕುವುದು ನಮಗೆ ಸರಿಕಾಣದು.

ಚಂದಾದ ವಿಷಯದಲ್ಲಿ ಒಂದು ಲೌಕಿಕ ತೊಡಕನ್ನೂ ಹೇಳಲೇಬೇಕು. ನಮ್ಮ ಸಂಘದ ಹಣ ಅಧ್ಯಕ್ಷರ ಮತ್ತು ಕೋಶಾಧ್ಯಕ್ಷರ ಜಂಟಿ ಸಹಿಯಿಂದ ಹೊರಡುವಂಥದು. ವಿದೇಶೀ ತಂತ್ರಾಂಶದ ಚಂದಾ ಹೊರಡುವುದು ಒಬ್ಬ ವ್ಯಕ್ತಿಯ ಹೆಸರಿನ ಕಾರ್ಡಿನಿಂದ. ಆ ವ್ಯಕ್ತಿ ಪದವಿಯಿಂದಿಳಿದ ವರ್ಷ ಏನು ಮಾಡುವುದು? ೨೦೨೧ರ ಅಕ್ಟೋಬರ್ ೧ರಿಂದ ರಿಜರ್ವ್ 
ಬ್ಯಾಂಕಿನವರು ತಾನಾಗಿಯೇ ಕಡಿತವಾಗುವ ಹಣಕ್ಕೆ ಖಾತೆದಾರರ ಹೆಚ್ಚಿನ ಒಪ್ಪಿಗೆ ಬೇಕೆಂದು ನಿಯಮ ಜಾರಿಗೊಳಿಸಿದಾಗ ದೇಶದಲ್ಲಿ ಎಷ್ಟೋ ಜನರ ವಿದೇಶೀ ಚಂದಾಗಳು ನಡುವೆಯೇ ನಿಂತುವು. ನಿಯಮ ಒಳ್ಳೆಯದೇ, ಜನರ ಹಣವನ್ನು ಕಾಯುವಂಥದೇ. ಆದರೆ ಸ್ಮರಣ ಸಂಚಿಕೆಯ ಕರಡು ಮುಗಿಯಬೇಕಾದ ವಾರದಲ್ಲಿ ಹೀಗಾದರೆ? ಶಾಲೆಗಳ ಪಾಡು ಇನ್ನೂ ವಿಚಿತ್ರ. ಕೊಂಡ ವಸ್ತುವಿಗೆ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಒಂದು ನಂಬರು ಸಿಗುತ್ತದೆ. ಚಂದಾದ ತಂತ್ರಾಂಶವನ್ನು ಅದರಲ್ಲಿ ಬರೆಯಲು ಬಾರದು; ಲೆಕ್ಕ ತಪಾಸಣೆಯವರು ವಸ್ತುವನ್ನು ತೋರಿಸಿರೆಂದರೆ ಯಾವುದನ್ನು ತೋರಿಸಬೇಕು? ನಮ್ಮ ಶಾಲೆಗಳಿಗೆ ಅನುದಾನ ಬರುವುದಾದರೆ ವರ್ಷಕ್ಕೊಮ್ಮೆ, ಅದೂ ಮಾರ್ಚ್ ತಿಂಗಳಲ್ಲಿ. ತಿಂಗಳ ಚಂದಾ ತಿಂಗಳ ಪಗಾರ ಬರುವವರ ವ್ಯವಸ್ಥೆ.

ಸಂಜೆಯ ತರಗತಿಯ ಮಕ್ಕಳ ವಿಷಯದಲ್ಲಿ ನಮಗೆ ಸಂದೇಹವೇ ಇಲ್ಲ. ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಸಾರಿದ ಸ್ವತಂತ್ರ ತಂತ್ರಾಂಶದ ಚಳವಳಿಯ ಫಲವಾಗಿ, ತಂತ್ರಾಂಶ ಬರೆಯುವ ಉತ್ತಮ ಸಾಧನಗಳು ಇಂದು ಬೆಲೆಯಿಲ್ಲದೆ ದೊರೆಯುತ್ತವೆ. ಅವುಗಳ ಒಳಗನ್ನು ತೆರೆದು ನೋಡಿ ಕಲಿಯಲೂ ಬರುತ್ತದೆ. ಪೈಥಾನ್ ಭಾಷೆಯನ್ನು ಕಲಿಯಲು ಚಂದಾ ಬೇಡ, ಕ್ರಯವೂ ಬೇಡ. ವಿದ್ಯಾರ್ಥಿಗಳಿಗೆಂದು ದೊಡ್ಡ ಸಂಸ್ಥೆಗಳು ತಮ್ಮ ಸಾಧನಗಳನ್ನು ಉಚಿತವಾಗಿ ಕೊಡುವುದೂ ಉಂಟು. ಅದನ್ನು ಬಳಸಬಾರದೆನ್ನುವುದಿಲ್ಲ, ಆದರೆ ವಿದ್ಯಾರ್ಥಿದೆಸೆ ಮುಗಿದ ಮೇಲೆ ಆ ಔದಾರ್ಯವೂ ಮುಗಿಯುತ್ತದೆ ಎಂಬುದನ್ನು ಹೇಳಿಕೊಡಬೇಕು. ಬಿಳೂರಿನಿಂದಲೋ ಸಂಖದಿಂದಲೋ ಸಾಂಗಲಿ ಪುಣೆಗಳಿಗೆ ಓದಲು ಹೋಗುವ ಹುಡುಗಿಯ ಕೈಯಲ್ಲಿ ಅವಳದೇ ಆದ ಸಾಧನವಿರಲಿ.

ಸಂಚಿಕೆಯ ಬಗ್ಗೆ ನಮ್ಮ ಸೂಚನೆ ಹೀಗಿದೆ. ಲೇಖನಗಳೆಲ್ಲ ಇನ್ನು ಮುಂದೆ ಯುನಿಕೋಡಿನಲ್ಲಿಯೇ ಬರೆಯಲ್ಪಡಬೇಕು; ಇದರಲ್ಲಿ ವಿನಾಯಿತಿ ಕೂಡದು. ಶಾಲೆಯ ಕೆಲಸಗಳಿಗೆ ಲಿಬ್ರೆ ಆಫೀಸ್ ಸಾಕು. ಪುಟ ಕಟ್ಟಲು ಸ್ಕ್ರೈಬಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಪ್ರಯೋಗಿಸಿ ನೋಡೋಣ. ೨೦೨೪ರ ಜನವರಿಯಲ್ಲಿ ಬಂದ ಅದರ ೧.೬ನೆಯ ಆವೃತ್ತಿಯಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಅದು ನಮ್ಮ ಹುಡುಗರ ಕೈಗೆ ಹತ್ತದಿದ್ದರೆ, ಚಂದಾ ಕಟ್ಟಿ ಇನ್‌ಡಿಸೈನ್ ಬಳಸುತ್ತಿರುವ ಮುದ್ರಣಾಲಯದವರಿಗೇ ಪುಟ ಕಟ್ಟುವ ಕೂಲಿ ಕೊಡೋಣ. ವರ್ಷಕ್ಕೊಂದು ಸಂಚಿಕೆಗೆ ಹನ್ನೆರಡು ತಿಂಗಳ ಚಂದಾ ನಮಗೇಕೆ? ಆದರೆ ಅವರಿಂದ ಅಚ್ಚಿನ ಪ್ರತಿಗಳೊಡನೆ ಪಿ.ಡಿ.ಎಫ್. ಕಡತವನ್ನೂ ಲೇಖನಗಳ ಬರಿಯ ಯುನಿಕೋಡ್ ಪಠ್ಯವನ್ನೂ ಪಡೆದು ಎರಡು ಬೇರೆ ಮನೆಗಳಲ್ಲಿ ಇರಿಸಬೇಕು. ಮತ್ತೊಂದು ಮಾತು. ಉಚಿತವಾಗಿ ದೊರೆತದ್ದನ್ನು ಉಚಿತವಾಗಿಯೇ ಬಳಸಿ ಸುಮ್ಮನಿರುವುದು ಬೇಡ. ಚಂದಾಕ್ಕೆಂದು ಸಮಿತಿ ತೆಗೆದಿರಿಸಲು ಹೊರಟಿದ್ದ ಹಣದಲ್ಲಿ ಒಂದು ಪಾಲನ್ನು ವರ್ಷಕ್ಕೊಮ್ಮೆ, ಸುಗ್ಗಿಯ ಕಾಲಕ್ಕೇ ಆಗಲಿ, ಇಂಥ ತಂತ್ರಾಂಶಗಳನ್ನು ದುರಸ್ತಿಯಲ್ಲಿಟ್ಟಿರುವವರಿಗೆ ಆಯವೆಂದು ಕಳಿಸೋಣ. ಲಿಬ್ರೆ ಆಫೀಸನ್ನು ನಡೆಸುವ ಪ್ರತಿಷ್ಠಾನ ಇಂಥ ಕೊಡುಗೆಗಳನ್ನು ಸ್ವೀಕರಿಸುತ್ತದೆ. ಜಂಟಿ ಸಹಿಯ ತೊಡಕು ಇದಕ್ಕೂ ಬರುವುದು, ಬಲ್ಲೆವು. ಆದರೆ ಇಲ್ಲಿ ಒಂದು ತಿಂಗಳು ತಡವಾದರೆ ಯಾರ ಪುಟವೂ ಮುಚ್ಚಿಕೊಳ್ಳುವುದಿಲ್ಲ.

ಒಂಬತ್ತು ಸಂಚಿಕೆಗಳ ಮಾತು ಉಳಿಯಿತು. ಹಳೆಯ ಫಾಂಟುಗಳ ಬರಹವನ್ನು ಯುನಿಕೋಡಿಗೆ ಮಾರ್ಪಡಿಸುವ ಸಾಧನಗಳು ಉಚಿತವಾಗಿಯೇ ಇವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಊರಿಗೆ ಬಂದು ಕುಳಿತು, ಐದು ಸಂಚಿಕೆಗಳನ್ನು ಹೀಗೆ ಎತ್ತಿಕೊಟ್ಟಿದ್ದಾರೆ. ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗಿವೆ, ಕರಡು ನಮ್ಮ ಮೇಜಿನ ಮೇಲಿದೆ. ಉಳಿದ ನಾಲ್ಕರಲ್ಲಿ ಎರಡರ ಸಿ.ಡಿ.ಗಳು ಕೆರೆದುಹೋಗಿವೆ, ಇನ್ನೆರಡರ ಫಾಂಟು ಯಾವುದೆಂಬುದು ಪತ್ತೆಯಾಗಿಲ್ಲ. ಅಜ್ಜಿಯ ಬೀಸುವ ಪದಗಳಿರುವುದು ಈ ನಾಲ್ಕರೊಳಗೇ. ೨೦೦೪, ೨೦೦೬, ೨೦೦೭ ಮತ್ತು ೨೦೧೦ರ ಸಂಚಿಕೆಗಳ ಅಚ್ಚಾದ ಪ್ರತಿ ತಮ್ಮ ಮನೆಯ ಮಾಡದಲ್ಲಿಯೋ ಸಂದೂಕದಲ್ಲಿಯೋ ಇದ್ದರೆ ದಯವಿಟ್ಟು ತಂದುಕೊಡಿರಿ. ರಟ್ಟು ಹರಿದಿದ್ದರೂ, ಪುಟ ಕಡಿಮೆಯಿದ್ದರೂ ಅಡ್ಡಿಯಿಲ್ಲ. ನಕಲು ಮಾಡಿಕೊಂಡು ಮೂಲವನ್ನು ಮರಳಿಸುತ್ತೇವೆ. ಹೆಸರು ಬರೆಸಲು ಬಾಗಿಲ ಬಳಿಯ ಮೇಜಿನ ಮೇಲೆ ವಹಿ ಇದೆ.